ಹಳೆಯ ಫಿಯೆಟ್ಟಿನ ಬೆಲೆ

ಹೊಸ ವಸ್ತುವಿಗಿಂತ ಹಳೆಯ ವಸ್ತುವಿಗೆ ಬೆಲೆ ಕಡಿಮೆ ಎಂಬುದು ಸಂತೆಗೆ ಹೋಗಿ ಬಂದವರಿಗೆಲ್ಲ ತಿಳಿದ ಮಾತು. ಹತ್ತು ಜನ ಕುಳಿತೆದ್ದ ಕುರ್ಚಿಗೆ, ಒಮ್ಮೆ ಒಗೆದ ಪಂಚೆಗೆ, ಓದಿ ಮಡಿಚಿಟ್ಟ ಪುಸ್ತಕಕ್ಕೆ ಅಂಗಡಿಯ ಬೆಲೆ ಯಾರೂ ಕೊಡುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಸರಿಸುಮಾರು ಮೂವತ್ತು ವರ್ಷಗಳ ಕಾಲ ಒಂದು ವಸ್ತು ಈ ನಿಯಮಕ್ಕೆ ಒಳಪಡದೆ ನಡೆದುಕೊಂಡು ಬಂದಿತು. ಅದು ಮೋಟಾರು ಕಾರು. ಅದರಲ್ಲಿಯೂ ಮಧ್ಯಮ ವರ್ಗದವರು ಕನಸು ಕಾಣುತ್ತಿದ್ದ ಸಣ್ಣ ಕಾರು, ಫಿಯೆಟ್. ನಾಲ್ಕಾರು ವರ್ಷ ಓಡಿದ ಫಿಯೆಟ್ಟನ್ನು, ಕಾರ್ಖಾನೆಯಿಂದ ಅಂದೇ ಹೊರಬಂದ ಫಿಯೆಟ್ಟಿಗಿಂತ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಿದ್ದ ಕಾಲವೊಂದಿತ್ತು ಎಂದರೆ ಇಂದಿನ ಯುವಕರು ನಂಬಲಾರರು. ಕೊಂಡವರು ದಡ್ಡರೇನೂ ಆಗಿರಲಿಲ್ಲ. ವಕೀಲರು, ವೈದ್ಯರು, ಕಾಲೇಜಿನ ಅಧ್ಯಾಪಕರು, ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದ ನಿವೃತ್ತ ಅಧಿಕಾರಿಗಳು, ಲೆಕ್ಕ ಬಲ್ಲ ಜನ. ಲೆಕ್ಕ ತಪ್ಪುತ್ತಿದ್ದುದು ಕೊಳ್ಳುವಾಗ ಅಲ್ಲ, ಆಮೇಲೆ.

ಈ ವಿಚಿತ್ರ ಹೇಗೆ ಹುಟ್ಟಿತೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂಬ ಹಂಬಲವನ್ನು ಮೊದಲು ಯೋಜನೆಯಾಗಿ ಬರೆದಿಟ್ಟವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. ೧೯೩೫ರಲ್ಲಿ ಅವರು ಯೂರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಕಾರ್ಖಾನೆಗಳನ್ನು ಕಂಡು ಬಂದರು. ಅವರೊಡನೆ ಕೈಗೂಡಿಸಿದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು. ಆ ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ನೆಲೆಸಲೆಂಬ ಪ್ರಯತ್ನವೂ ನಡೆಯಿತು; ಯುದ್ಧಕಾಲದ ಭಾರತ ಸರ್ಕಾರ ಅದಕ್ಕೆ ಒಲಿಯಲಿಲ್ಲ. ಮೋಟಾರು ಬರಲಿಲ್ಲ, ವಿಮಾನ ಬಂದಿತು. ೧೯೪೦ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೈಸೂರು ಸರ್ಕಾರ ಅದರಲ್ಲಿ ಪಾಲು ಹಾಕಿತು. ಮೋಟಾರಿನ ಆಸೆ ಮಾತ್ರ ೧೯೪೪ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯ ಪಾಲಾಯಿತು. ಕುರ್ಲಾದ ಆ ಕಾರ್ಖಾನೆಯಿಂದ ೧೯೪೭ರಲ್ಲಿ ಮೊದಲ ಗಾಡಿಗಳು ಹೊರಬಂದವು. ಅವು ಅಮೆರಿಕದ ಕ್ರೈಸ್ಲರ್ ಸಂಸ್ಥೆಯ ದೊಡ್ಡ ಗಾಡಿಗಳು. ೧೯೫೦ರ ದಶಕದ ಆರಂಭದಲ್ಲಿ ಇಟಲಿಯ ಫಿಯೆಟ್ ಸಂಸ್ಥೆಯೊಡನೆ ಕೂಡಿಕೆಯಾಯಿತು. ೧೯೫೪ರ ಹೊತ್ತಿಗೆ ‘ಸಾವಿರದ ನೂರು’ ಎಂಬ ಮಾದರಿ ಇಲ್ಲಿಯ ರಸ್ತೆಗಳಿಗೆ ಇಳಿಯಿತು.

ಇನ್ನೊಂದು ಕಡೆ ಸರ್ಕಾರ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿತ್ತು. ಪೂರ್ಣವಾಗಿ ಜೋಡಿಸಿದ ವಿದೇಶಿ ಕಾರುಗಳ ಆಮದು ೧೯೪೯ರಲ್ಲಿ ನಿಂತಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿ ಬರಿಯ ಜೋಡಣೆ ಮಾಡುವವರಿಗೆ ಅವಕಾಶ ಬೇಡ, ಇಲ್ಲಿಯೇ ತಯಾರಿಸುವ ಕಾರ್ಯಕ್ರಮ ಇರುವವರಿಗೆ ಮಾತ್ರ ಇರಲಿ ಎಂದು ತೆರಿಗೆ ಆಯೋಗ ೧೯೫೩ರಲ್ಲಿ ಶಿಫಾರಸು ಮಾಡಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದವು ಮೂರು ಹೆಸರು: ಕಲ್ಕತ್ತೆಯ ಬಳಿಯ ಅಂಬಾಸಡರ್, ಮದರಾಸಿನ ಸ್ಟ್ಯಾಂಡರ್ಡ್, ಮುಂಬಯಿಯ ಫಿಯೆಟ್. ಮೂರೂ ಸೇರಿ ೧೯೭೦ರ ದಶಕದಲ್ಲಿಯೂ ವರ್ಷಕ್ಕೆ ಐವತ್ತು ಸಾವಿರ ಕಾರುಗಳನ್ನು ಮುಟ್ಟುವುದು ಕಷ್ಟವಾಗಿತ್ತು. ಇದರ ಮೇಲೆ, ಕಾರುಗಳ ಹಂಚಿಕೆ ಮತ್ತು ಮಾರಾಟ ೧೯೫೯ರ ಆಜ್ಞೆಯಿಂದ ಸರ್ಕಾರದ ಹತೋಟಿಗೆ ಬಂದಿತು. ಹೊಸ ಕಾರಿನ ಬೆಲೆಯನ್ನು ಮಾರುಕಟ್ಟೆ ಗೊತ್ತು ಮಾಡುವಂತಿರಲಿಲ್ಲ. ಆ ಬೆಲೆ ನ್ಯಾಯವೇ ಅಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ೧೯೭೧ರಲ್ಲಿ ತೀರ್ಪಾಯಿತು.

ಹೊಸ ಕಾರಿನ ಬೆಲೆಗೆ ಕಟ್ಟು ಹಾಕಬಹುದು. ಹಳೆಯ ಕಾರಿಗೆ ಹಾಕುವವರು ಯಾರು? ಹಣ ಕಟ್ಟಿ ಹೆಸರು ಬರೆಸಿದವನು ವರ್ಷಗಟ್ಟಲೆ ಸರದಿ ಕಾಯಬೇಕು. ಮನೆಯಲ್ಲಿ ಮಗನಿಗೆ ಉಪನಯನವಾದಾಗ ಹೆಸರು ಬರೆಸಿದರೆ ಮದುವೆಯ ಮೆರವಣಿಗೆಗೆ ಕಾರು ಬಂದೀತು ಎಂದು ಹಾಸ್ಯ ಮಾಡುತ್ತಿದ್ದರು. ಕಾಯಲಾರದವನು ಕಾಯುವಿಕೆಗೂ ಬೆಲೆ ಕಟ್ಟಿ, ಅದನ್ನು ಹಳೆಯ ಕಾರಿನ ಮೇಲೆ ಸೇರಿಸಿ ಕೊಡುತ್ತಿದ್ದನು. ಅಂದರೆ ಅವನು ಕೊಂಡದ್ದು ಯಂತ್ರವನ್ನು ಮಾತ್ರವಲ್ಲ, ಬೇರೊಬ್ಬರು ಕಾದ ಕಾಲವನ್ನೂ. ಆ ಯಂತ್ರ ಸವೆದಿದೆಯೇ ಇಲ್ಲವೇ ಎಂಬ ಪ್ರಶ್ನೆ ಈ ವ್ಯಾಪಾರದಲ್ಲಿ ಎರಡನೆಯ ಸ್ಥಾನಕ್ಕೆ ಸರಿಯಿತು. ಜೊತೆಗೆ ಕರೆದೊಯ್ದ ಮೇಸ್ತ್ರಿಯನ್ನು ಬದಿಗೆ ಕರೆದು, “ಏನು ಮೇಸ್ತ್ರಿ, ತಗೋಬಹುದೇ?” ಎಂದು ಕೇಳಿದರೆ ಬರುತ್ತಿದ್ದ ಉತ್ತರ ಹೀಗೆ: “ಎಂಜಿನ್ನು ಹೊಗೆ ಕಾರ್ತಾ ಇದೆ ಸ್ವಾಮೀ. ಆದರೆ ಇದನ್ನು ಬಿಟ್ಟರೆ ಇನ್ನೊಂದು ಯಾವಾಗ ಸಿಗುತ್ತೋ!” ಆ ಮಾತಿನ ಉತ್ತರಾರ್ಧವೇ ಗೆಲ್ಲುತ್ತಿತ್ತು.

ಹೀಗೆ ಮನೆಗೆ ಬಂದ ಗಾಡಿಯ ಒಡಲೊಳಗೆ ಏನಿರುತ್ತಿತ್ತು ಎಂಬುದನ್ನು ಈಗ ನೋಡೋಣ.

ಫಿಯೆಟ್ಟಿನ ಎಂಜಿನ್ನು ೧೦೮೯ ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರು. ಅದರ ವಂಶ ಇಟಲಿಯಲ್ಲಿ ೧೯೩೭ರಷ್ಟು ಹಿಂದಕ್ಕೆ ಹೋಗುತ್ತದೆ. ಗಟ್ಟಿಮುಟ್ಟಾದ, ಸರಳವಾದ ಎಂಜಿನ್ನು. ಹದವರಿತು ನಡೆಸಿದವರಿಗೆ ಎಂದೂ ಮೋಸ ಮಾಡಿದ್ದಿಲ್ಲ. ಆದರೆ ಮೂರನೆಯ, ನಾಲ್ಕನೆಯ ಯಜಮಾನನ ಕೈಗೆ ಬರುವ ಹೊತ್ತಿಗೆ ಸಿಲಿಂಡರಿನ ಒಳಗೋಡೆ ಸವೆದು, ದುಂಡಗಿದ್ದುದು ಮೊಟ್ಟೆಯಾಕಾರ ತಳೆದಿರುತ್ತಿತ್ತು. ಪಿಸ್ಟನ್ನಿನ ಸುತ್ತಣ ಉಂಗುರಗಳು ಆ ಗೋಡೆಗೆ ಅಂಟಿ ಕೂರವು. ಕೆಳಗಿನ ಎಣ್ಣೆ ಮೇಲೇರಿ ಪೆಟ್ರೋಲಿನೊಡನೆ ಉರಿಯುವುದು; ಹಿಂದೆ ನೀಲಿ ಹೊಗೆ. ಎಣ್ಣೆಯ ಖರ್ಚು ಪೆಟ್ರೋಲಿನ ಖರ್ಚಿಗೆ ಸ್ಪರ್ಧಿಯಾಗುವುದು. ಇದಕ್ಕೆ ಮದ್ದು ‘ಬೋರು ಮಾಡಿಸುವುದು’. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಸಿಲಿಂಡರನ್ನು ಯಂತ್ರಕ್ಕೆ ಕೊಟ್ಟು ಕೊರೆಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ನುಗಳನ್ನು ಕೂರಿಸಬೇಕು. ಎರಡು ಮೂರು ಬಾರಿ ಕೊರೆದ ಮೇಲೆ ಕೊರೆಯಲು ಗೋಡೆಯೇ ಉಳಿಯದು. ಆಗ ಒಳಗೆ ಲೈನರ್ ಎಂಬ ಹೊಸ ಕೊಳವೆಯನ್ನು ಬಡಿದು ಮೊದಲಿನ ಅಳತೆಗೆ ತರುವುದು. ಬೋರು ಮಾಡಿಸಿದ ಗಾಡಿಯನ್ನು ಮೊದಲ ಸಾವಿರ ಮೈಲಿ ಬಾಣಂತಿಯಂತೆ ನೋಡಿಕೊಳ್ಳಬೇಕಾಗಿತ್ತು. ಓಡಿಸಬಾರದು, ಏರು ಹತ್ತಿಸಬಾರದು, ಭಾರ ಹೇರಬಾರದು. ಎಷ್ಟೋ ಮಂದಿ ಈ ಪಥ್ಯ ಮುರಿದು ಆರು ತಿಂಗಳಲ್ಲಿ ಮತ್ತೆ ಅದೇ ಗ್ಯಾರೇಜಿನ ಬಾಗಿಲಿಗೆ ಬರುತ್ತಿದ್ದರು.

ಮಾರುವವರಿಗೂ ತಮ್ಮದೇ ಆದ ವಿದ್ಯೆಗಳಿದ್ದವು. ಹೊಗೆ ಮುಚ್ಚಲು ಗಟ್ಟಿ ಎಣ್ಣೆ ಹಾಕುವುದು. ಕಿರುಗುಟ್ಟುವ ಗೇರುಪೆಟ್ಟಿಗೆಗೆ ಮರದ ಹೊಟ್ಟು ಬೆರೆಸಿ ನಾಲ್ಕು ದಿನ ಬಾಯಿ ಕಟ್ಟುವುದು. ಮೈಲಿಯ ಮೀಟರನ್ನು ಹಿಂದಕ್ಕೆ ತಿರುಗಿಸುವುದು. ತಿಳಿದ ಮೇಸ್ತ್ರಿ ಮೀಟರನ್ನು ನೋಡುತ್ತಲೇ ಇರಲಿಲ್ಲ. ಬ್ರೇಕಿನ ಪೆಡಲಿನ ರಬ್ಬರು ಎಷ್ಟು ಸವೆದಿದೆ, ಚಾಲಕನ ಸೀಟು ಎಷ್ಟು ಕುಸಿದಿದೆ, ಸ್ಟಿಯರಿಂಗ್ ಚಕ್ರದ ಮೇಲೆ ಎರಡು ಕೈಗಳಿಡುವ ಜಾಗ ಎಷ್ಟು ನುಣುಪಾಗಿದೆ, ಇವನ್ನು ನೋಡುತ್ತಿದ್ದ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿಸಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸುತ್ತಿದ್ದ. ಅಲ್ಲಿ ಸಡಿಲ ಕಂಡರೆ ಕಿಂಗ್ ಪಿನ್ನು ಮತ್ತು ಅದರ ಬುಷ್ಷುಗಳು ಹೋಗಿವೆಯೆಂದು ಅರ್ಥ.

ಈ ಕಿಂಗ್ ಪಿನ್ನಿನ ಮಾತು ಸ್ವಲ್ಪ ಹೆಚ್ಚೇ ಹೇಳಬೇಕು; ಏಕೆಂದರೆ ಫಿಯೆಟ್ ಸಾಕಿದವರಿಗೆ ಅದಕ್ಕಿಂತ ಪರಿಚಿತವಾದ ಶಬ್ದ ಇನ್ನೊಂದಿಲ್ಲ. ಮುಂದಿನ ಚಕ್ರ ಎಡಬಲಕ್ಕೆ ಹೊರಳುವುದು ಈ ಉಕ್ಕಿನ ಗೂಟದ ಮೇಲೆ. ಅದಕ್ಕೆ ನಿಯಮವಾಗಿ ಗ್ರೀಸು ತುಂಬಿಸಬೇಕು. ನಮ್ಮ ರಸ್ತೆಯ ಧೂಳೂ ಮಳೆಗಾಲದ ಕೆಸರೂ ಆ ಗ್ರೀಸಿನೊಳಗೆ ಸೇರಿ ಅರವಾಗಿ ತೇಯುತ್ತಿದ್ದವು. ಗ್ರೀಸಿಗೆ ತಗಲುವುದು ಕೆಲವೇ ರೂಪಾಯಿ; ಅದನ್ನು ಉಳಿಸಲು ಹೋದವರು ಪಿನ್ನು, ಬುಷ್ಷು, ಕೂಲಿ ಎಂದು ಅದರ ಹತ್ತಾರು ಪಟ್ಟು ತೆರುತ್ತಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. ಸಡಿಲ ಚಕ್ರ ಟೈರನ್ನು ಒಂದು ಪಕ್ಕದಲ್ಲಿ ತಿನ್ನುತ್ತದೆ; ಟೈರೂ ಆ ಕಾಲದಲ್ಲಿ ಸುಲಭವಾಗಿ ಸಿಗುವ ವಸ್ತುವಾಗಿರಲಿಲ್ಲ.

ಇನ್ನು ಬೇಸಗೆಯ ಬೇನೆ. ಫಿಯೆಟ್ಟಿನ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೆ ಅಂಟಿಕೊಂಡೇ ಇತ್ತು; ಎಂಜಿನ್ನಿನ ಶಾಖವೆಲ್ಲ ಅದಕ್ಕೆ. ಘಟ್ಟ ಹತ್ತುವಾಗಲೋ, ಪೇಟೆಯ ಸಂದಣಿಯಲ್ಲಿ ನಿಂತಾಗಲೋ ಪಂಪಿನೊಳಗಿನ ಪೆಟ್ರೋಲು ಆವಿಯಾಗುವುದು. ಪಂಪು ದ್ರವವನ್ನು ದೂಡಬಲ್ಲುದೇ ಹೊರತು ಆವಿಯನ್ನಲ್ಲ. ಎಂಜಿನ್ನು ಎರಡು ಬಾರಿ ಬಿಕ್ಕಳಿಸಿ ನಿಂತುಬಿಡುವುದು. ಶಿರಾಡಿ, ಚಾರ್ಮಾಡಿ ಘಟ್ಟಗಳ ತಿರುವಿನಲ್ಲಿ ಬಾನೆಟ್ಟು ಎತ್ತಿ ನಿಂತ ಫಿಯೆಟ್ಟು, ಅದರ ಮುಂದೆ ಚೊಂಬು ಹಿಡಿದ ಯಜಮಾನ, ಮರದ ನೆರಳಿನಲ್ಲಿ ಕುಳಿತ ಸಂಸಾರ, ಈ ನೋಟವನ್ನು ಕಾಣದವರು ಕಡಿಮೆ. ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ ಕಾಲು ಗಂಟೆ ಕಾದರೆ ಗಾಡಿ ತಾನೇ ಹೊರಡುತ್ತಿತ್ತು. ಬಲ್ಲವರು ಹೊರಡುವಾಗಲೇ ಬಟ್ಟೆ ಸುತ್ತಿಕೊಂಡು ಹೊರಡುತ್ತಿದ್ದರು. ಇದು ರೋಗವಲ್ಲ, ಸ್ವಭಾವ. ಆದರೆ ಅರಿಯದವರಿಗೆ ಕಾರ್ಬುರೇಟರನ್ನೂ ಪಂಪನ್ನೂ ಎರಡೆರಡು ಬಾರಿ ಬದಲಾಯಿಸಿ ಹಣ ಕಿತ್ತ ಗ್ಯಾರೇಜುಗಳೂ ಉಂಟು.

ರೇಡಿಯೇಟರಿನ ಕಥೆ ಬೇರೆ. ಅಲ್ಲಿ ತಪ್ಪು ಗಾಡಿಯದಲ್ಲ, ನೀರಿನದು. ನಮ್ಮ ಬಯಲುಸೀಮೆಯ ಬಾವಿಗಳ ಗಡಸು ನೀರನ್ನು ವರ್ಷಗಟ್ಟಲೆ ಸುರಿದರೆ, ಬಚ್ಚಲ ಹಂಡೆಯೊಳಗೆ ಕಟ್ಟುವ ಸುಣ್ಣದ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೂ ಕಟ್ಟುತ್ತದೆ. ನೀರು ಹರಿಯದೆ ಎಂಜಿನ್ನು ಕುದಿಯುವುದು. ಹೆಚ್ಚು ಕುದಿಸಿದರೆ ಹೆಡ್ಡಿನ ಗ್ಯಾಸ್ಕೆಟ್ಟು ಸುಟ್ಟು ನೀರೂ ಎಣ್ಣೆಯೂ ಬೆರೆಯುವುವು. ಮಳೆಯ ನೀರು ಹಿಡಿದಿಟ್ಟು ಗಾಡಿಗೆ ಹಾಕುತ್ತಿದ್ದ ಹಿರಿಯರನ್ನು ಕಂಡು ನಗುತ್ತಿದ್ದವರು ನಂತರ ತಾವೂ ಹಾಗೆಯೇ ಮಾಡತೊಡಗಿದರು.

ಗೇರಿನ ಕೋಲು ಸ್ಟಿಯರಿಂಗಿನ ಕೆಳಗೆ ಇರುತ್ತಿತ್ತು. ಅಲ್ಲಿಂದ ಗೇರುಪೆಟ್ಟಿಗೆಯವರೆಗಿನ ಸರಳುಗಳ ಬುಷ್ಷು ಸವೆದರೆ ಎರಡನೆಯ ಗೇರು ಎಲ್ಲಿದೆಯೆಂದು ಕೈಯಿಂದ ತಡಕಬೇಕು. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಒಂದರ ಸಿಲಿಂಡರು ಸೋರಿದರೂ ಗಾಡಿ ಒಂದು ಕಡೆಗೆ ಎಳೆಯುವುದು. ಇವೆಲ್ಲ ಸಣ್ಣ ಖರ್ಚಿನ ಕೆಲಸಗಳು, ಆದರೆ ಬೇಗ ಬೇಗ ಬರುತ್ತಿದ್ದವು.

ನಿಜವಾಗಿ ಮನೆ ಮುರಿಯುತ್ತಿದ್ದ ಖರ್ಚು ತುಕ್ಕು. ಈ ಫಿಯೆಟ್ಟಿನಲ್ಲಿ ಬೇರೆಯಾದ ಚಾಸಿ ಇಲ್ಲ. ತಗಡಿನ ಮೈಯೇ ಅದರ ಅಸ್ಥಿ. ಕಾಲಿಡುವ ತಳದಲ್ಲಿ, ಬಾಗಿಲ ಕೆಳ ಅಂಚಿನಲ್ಲಿ, ಹೊಸ್ತಿಲ ತಗಡಿನೊಳಗೆ ನೀರು ನಿಂತು ಕೊಳೆತರೆ ಕೊಳೆಯುವುದು ಅಂದವಲ್ಲ, ಬಲ. ಮಂಗಳೂರು, ಉಡುಪಿ, ಕಾರವಾರಗಳ ಉಪ್ಪುಗಾಳಿಯಲ್ಲಿ ಬೆಳೆದ ಗಾಡಿಯನ್ನು ಬಯಲುಸೀಮೆಯವರು ಕಾಲುಭಾಗ ಬೆಲೆ ಇಳಿಸಿ ಕೇಳುತ್ತಿದ್ದುದು ಸುಮ್ಮನೆ ಅಲ್ಲ. ಎಂಜಿನ್ನಿಗೆ ಬೋರು ಉಂಟು, ಲೈನರು ಉಂಟು. ಕೊಳೆತ ತಳಕ್ಕೆ ಟಿಂಕರಿನವನ ಬೆಸುಗೆಯೊಂದೇ ಗತಿ. ಒಂದು ತೂತು ಮುಚ್ಚಲು ಹೋದರೆ ಸುತ್ತಲಿನ ತಗಡು ಪುಡಿಪುಡಿಯಾಗುವುದು. ಮಾರುವವನು ಇದರ ಮೇಲೆ ಪುಟ್ಟಿ ಮೆತ್ತಿ, ಹೊಸ ಬಣ್ಣ ಹೊಡೆಸಿ ನಿಲ್ಲಿಸಿರುತ್ತಿದ್ದ. ಹೊಳೆಯುವ ಹಳೆಯ ಕಾರಿಗಿಂತ ಮಂಕಾದ ಹಳೆಯ ಕಾರು ವಾಸಿ ಎಂದು ಮೇಸ್ತ್ರಿಗಳು ಹೇಳುತ್ತಿದ್ದುದು ಇದಕ್ಕೇ. ಇಷ್ಟರಮಟ್ಟಿಗೆ ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಪುಣ್ಯವಂತ: ೧೯೬೧ರಲ್ಲಿ ಬಂದ ಆ ಕಾರಿಗೆ ಪ್ರತ್ಯೇಕ ಚಾಸಿ ಇತ್ತು, ಅದರ ಮುಂಭಾಗವೆಲ್ಲ ಒಂದೇ ಮುಚ್ಚಳದಂತೆ ಎದ್ದು ಎಂಜಿನ್ನನ್ನು ಮೇಸ್ತ್ರಿಯ ಮುಂದೆ ತಟ್ಟೆಯಲ್ಲಿ ಬಡಿಸಿದಂತೆ ಇಡುತ್ತಿತ್ತು. ಆದರೆ ಆ ವಂಶ ೧೯೭೦ರ ದಶಕದಲ್ಲಿಯೇ ನಿಂತುಹೋಯಿತು. ಬಿಡಿಭಾಗಗಳ ಬರ ಅದನ್ನು ಸಾಕಿದವರನ್ನು ಕಾಡಿತು.

ಫಿಯೆಟ್ಟಿಗೆ ಆ ಬರ ಬರಲಿಲ್ಲ. ಇಟಲಿಯಲ್ಲಿ ‘ಸಾವಿರದ ನೂರು’ ೧೯೬೯ರಲ್ಲಿ ಮುಗಿಯಿತು. ಇಲ್ಲಿ ೧೯೬೪ರಲ್ಲಿ ಬಂದ ‘ಡಿಲೈಟ್’ ಮಾದರಿಯೇ ಫಿಯೆಟ್ ಕಂಪೆನಿಯ ಲೈಸೆನ್ಸು ತೀರಿದ ಮೇಲೆ ಕೆಲಕಾಲ ‘ಪ್ರೆಸಿಡೆಂಟ್’ ಆಗಿ, ೧೯೭೪ರಿಂದ ‘ಪದ್ಮಿನಿ’ಯಾಗಿ, ಹೆಚ್ಚು ಕಡಮೆ ಅದೇ ಮೈಕಟ್ಟಿನಲ್ಲಿ ಮುಂದುವರಿಯಿತು. ಮಾದರಿ ಬದಲಾಗದೆ ಇದ್ದುದನ್ನು ಪತ್ರಿಕೆಗಳು ಹೀಯಾಳಿಸಿದವು. ಹಳೆಯ ಕಾರಿನ ಯಜಮಾನನಿಗೆ ಮಾತ್ರ ಅದು ವರವಾಗಿತ್ತು. ಈ ವರ್ಷದ ಗಾಡಿಯ ಭಾಗ ಹದಿನೈದು ವರ್ಷದ ಹಿಂದಿನ ಗಾಡಿಗೆ ಬಹುಮಟ್ಟಿಗೆ ಕೂರುತ್ತಿತ್ತು. ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳಲ್ಲಿ ಹೊಸ ಭಾಗ, ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಭಾಗ. ಅಲ್ಲಿಯೂ ಸಿಗದಿದ್ದರೆ ಲೇತಿನ ಅಂಗಡಿಯಲ್ಲಿ ಮಾದರಿ ತೋರಿಸಿ ಕಡೆಸಿಕೊಳ್ಳುವುದು. ಕಂಪೆನಿಯ ಭಾಗ, ಲೋಕಲ್ ಭಾಗ, ಡುಪ್ಲಿಕೇಟ್ ಭಾಗ ಎಂಬ ಮೂರು ಜಾತಿಗಳನ್ನು ಗುರುತಿಸುವ ಕಣ್ಣು ಗಾಡಿ ಸಾಕಿದವನಿಗೆ ಬೇಕಾಗಿತ್ತು. ಪುಸ್ತಕ ಓದದ ಹುಡುಗರು ಹನ್ನೆರಡನೆಯ ವಯಸ್ಸಿಗೆ ಸ್ಪ್ಯಾನರು ಹಿಡಿದು, ಇಪ್ಪತ್ತಕ್ಕೆ ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಕೆಟ್ಟಿದೆಯೆಂದು ಹೇಳುವ ಮೇಸ್ತ್ರಿಗಳಾದರು. ಅಷ್ಟು ದೊಡ್ಡ ವಿದ್ಯೆಗೆ ಅವರಿಗೆ ಸಿಕ್ಕ ಕೂಲಿ ಮಾತ್ರ ಬಹಳ ಸಣ್ಣದು. ಹಳೆಯ ಕಾರು ಅಗ್ಗದಲ್ಲಿ ಓಡಿದ್ದು ಅವರ ಕೂಲಿಯ ಅಗ್ಗದಿಂದ ಎಂಬುದನ್ನು ಈ ಲೆಕ್ಕದಲ್ಲಿ ಬಿಡಬಾರದು.

ಪೆಟ್ರೋಲಿನ ವಿಷಯಕ್ಕೆ ಬಂದರೆ, ಗ್ಯಾಲನ್ನಿಗೆ ಮೂವತ್ತು ಮೈಲಿಯ ಆಸುಪಾಸು ಕೊಡುವ ಫಿಯೆಟ್ಟನ್ನು ಅಂದು ಮಿತವ್ಯಯಿ ಎಂದೇ ಎಣಿಸುತ್ತಿದ್ದರು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ದೇಶಗಳ ಯುದ್ಧದಿಂದ ತೈಲದ ಬೆಲೆ ಹಾರಿದಾಗ ಲೆಕ್ಕವೆಲ್ಲ ಅಡಿಮೇಲಾಯಿತು. ಆಗಲೇ ಬಹಳ ಮನೆಗಳಲ್ಲಿ ಕಾರಿಗೆ ಬಟ್ಟೆ ಹೊದಿಸಿ ನಿಲ್ಲಿಸುವ ಪದ್ಧತಿ ಬಂದದ್ದು. ನಿಂತ ಗಾಡಿಗೆ ಖರ್ಚಿಲ್ಲವೆಂದು ತಿಳಿದವರು ಇನ್ನೊಂದು ಪಾಠ ಕಲಿತರು: ಬ್ಯಾಟರಿ ಸತ್ತಿತು, ಬ್ರೇಕಿನ ಸಿಲಿಂಡರು ಹಿಡಿದುಕೊಂಡಿತು, ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಯಿತು, ಇಲಿಗಳು ತಂತಿ ಕಡಿದವು. ವಿಮೆ ಮಾತ್ರ ನಿಂತಿದ್ದರೂ ಓಡಿದರೂ ಒಂದೇ.

ಕಾಗದಪತ್ರಗಳ ಕಡೆಗೆ ಮಾತ್ರ ನಮ್ಮವರು ಬಹಳ ಉದಾಸೀನರು. ಗಾಡಿ ಮೂರು ಕೈ ಬದಲಾದರೂ ಪುಸ್ತಕದಲ್ಲಿ ಮೊದಲನೆಯವನ ಹೆಸರೇ ಇರುತ್ತಿತ್ತು. ಸಹಿ ಹಾಕಿದ ಖಾಲಿ ನಮೂನೆಗಳನ್ನು ಕೈಯಿಂದ ಕೈಗೆ ದಾಟಿಸಿ ವರ್ಷಗಟ್ಟಲೆ ನಡೆಸುವರು. ಅಪಘಾತವಾದರೆ ಪರಿಹಾರ ಕೊಡಬೇಕಾದವನು ಯಾರು? ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಯಜಮಾನ ಎಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ಸ್ಪಷ್ಟವಾಗಿ ಹೇಳಿತು. ಆ ಮೊಕದ್ದಮೆಯಲ್ಲಿಯೂ ಗಾಡಿ ಹಲವು ಕೈ ದಾಟಿತ್ತು. ಮಾರಿ ಹಣ ಎಣಿಸಿಕೊಂಡ ಮಾತ್ರಕ್ಕೆ ಮಾರಿದವನು ಬಿಡುಗಡೆಯಾಗುವುದಿಲ್ಲ.

ಹಳೆಯ ಫಿಯೆಟ್ಟಿನ ಬೆಲೆಗೆ ಮೊದಲ ಪೆಟ್ಟು ಬಿದ್ದದ್ದು ೧೯೮೩ರ ಡಿಸೆಂಬರ್ ೧೪ರಂದು. ಅಂದು ಗುರಗಾಂವಿನ ಕಾರ್ಖಾನೆಯಿಂದ ಮಾರುತಿ ೮೦೦ ಮೊದಲ ಯಜಮಾನನ ಕೈಸೇರಿತು. ೭೯೬ ಘನ ಸೆಂಟಿಮೀಟರಿನ ಹಗುರ ಗಾಡಿ. ಬೆಲೆ ಐವತ್ತು ಸಾವಿರದ ಆಸುಪಾಸು. ಒದ್ದೆ ಬಟ್ಟೆ ಬೇಡ, ಕಿಂಗ್ ಪಿನ್ನಿನ ಚಿಂತೆ ಇಲ್ಲ, ಬೆಳಗಿನ ಚಳಿಯಲ್ಲಿಯೂ ಕೀಲಿ ತಿರುಗಿಸಿದೊಡನೆ ಹೊರಡುವುದು. ಮೊದಲ ಕೆಲವು ವರ್ಷ ಮಾರುತಿಗೂ ಅದೇ ಸರದಿ, ಅದೇ ಮೇಲುಹಣ. ೧೯೯೩ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಕಳಚಿತು. ಅಲ್ಲಿಂದಾಚೆಗೆ ಅಂಗಡಿಯಿಂದ ಹೊರಬಿದ್ದ ಕ್ಷಣದಿಂದಲೇ ಕಾರಿನ ಬೆಲೆ ಇಳಿಯತೊಡಗಿತು, ಉಳಿದೆಲ್ಲ ವಸ್ತುಗಳಂತೆ. ಆಗ ಮೊದಲ ಬಾರಿಗೆ ಜನ ಹಳೆಯ ಫಿಯೆಟ್ಟಿನ ಬೋರು, ತುಕ್ಕು, ಎಣ್ಣೆ, ಗ್ರೀಸುಗಳ ಖರ್ಚನ್ನು ಬರೆದು ಕೂಡಿ ನೋಡಿದರು. ಯಂತ್ರ ಮೊದಲಿನದೇ, ರೋಗಗಳೂ ಮೊದಲಿನವೇ. ಹಿಂದೆ ಅವು ಲೆಕ್ಕಕ್ಕೆ ಬಂದಿರಲಿಲ್ಲ, ಅಷ್ಟೆ. ಒಂದು ಕಾಲಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ ತಂದಿದ್ದ ಗಾಡಿಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು.

ಕುರ್ಲಾದಲ್ಲಿ ಪದ್ಮಿನಿಯ ತಯಾರಿಕೆ ೨೦೦೦ದ ಹೊತ್ತಿಗೆ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಅವು ಇನ್ನೂ ಬಹಳ ಕಾಲ ದುಡಿದವು. ಅಲ್ಲಿಯ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವಿನ ಕಛೇರಿಯಲ್ಲಿ ನೋಂದಣಿಯಾದದ್ದು ೨೦೦೩ರ ಅಕ್ಟೋಬರ್ ೨೯ರಂದು. ೨೦೨೩ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಖಾಸಗಿಯಾಗಿ ಉಳಿದಿರುವ ಫಿಯೆಟ್ಟುಗಳನ್ನು ಈಗ ಸಾಕುತ್ತಿರುವವರು ಮೋಹಕ್ಕಾಗಿ ಸಾಕುವವರು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣದ ಶುಲ್ಕ ೨೦೨೨ರ ಏಪ್ರಿಲಿನಲ್ಲಿ ಆರುನೂರು ರೂಪಾಯಿಯಿಂದ ಐದು ಸಾವಿರಕ್ಕೆ ಏರಿತು. ಅದನ್ನೂ ಕಟ್ಟಿ, ಕಿಂಗ್ ಪಿನ್ನಿಗೆ ಗ್ರೀಸು ತುಂಬಿಸಿ, ಭಾನುವಾರ ಬೆಳಿಗ್ಗೆ ಗಾಡಿಯನ್ನು ಹೊರಗೆ ತೆಗೆಯುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಪೆಟ್ರೋಲ್ ಪಂಪಿಗೆ ಸುತ್ತುವ ಬಟ್ಟೆ ಮಡಿಸಿ ಡಿಕ್ಕಿಯಲ್ಲಿ ಇಟ್ಟಿರುತ್ತಾರೆ.